ಸೋಡಾ ಇರಲಿ, ಹಣ್ಣೆಲ್ಲಿ?

ಬೇಸಿಗೆ ಬಂತೆಂದರೆ ನಮ್ಮ ಡೊಂಬಿವಲಿಯ ಅಂಗಡಿಗಳ ಎದುರು ಎರಡು ಲೀಟರ್ ಬಾಟಲಿಗಳ ಗೋಪುರ ಏಳುತ್ತದೆ. ಹಸಿರು, ಹಳದಿ, ಕಿತ್ತಳೆ... ದೂರದಿಂದ ನೋಡಿದರೆ ಹಣ್ಣಿನ ಅಂಗಡಿಯೋ ಅನ್ನಿಸಬೇಕು. ಹತ್ತಿರ ಹೋಗಿ ಒಂದು ಬಾಟಲಿಯನ್ನು ತಿರುಗಿಸಿ ಓದಿ ನೋಡಿ. ಇರುವೆ ಸಾಲಿನಂಥ ಅಕ್ಷರದಲ್ಲಿ ‘ಕಂಟೈನ್ಸ್ ನೋ ಫ್ರೂಟ್’ ಎಂದು ಬರೆದಿರುತ್ತಾರೆ. ಅದೇನು ಕಂಪನಿಗಳ ದೊಡ್ಡ ಮನಸ್ಸಲ್ಲ, ಕಾನೂನಿನ ಭಯ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಹಣ್ಣಿನ ರಸವೇ ಇಲ್ಲದ ಸೋಡಾ ತಾನು ಹಣ್ಣಿನ ಪಾನೀಯ ಎಂಬ ಭ್ರಮೆ ಹುಟ್ಟಿಸಬಾರದು. ಗ್ಯಾಸ್ ತುಂಬಿದ ‘ಹಣ್ಣಿನ ಪಾನೀಯ’ ಎಂದು ಕರೆಸಿಕೊಳ್ಳಬೇಕಾದರೆ ಕನಿಷ್ಠ ಶೇಕಡಾ 10ರಷ್ಟು ರಸ ಇರಬೇಕು, ಲಿಂಬೆಯದ್ದಾದರೆ ಶೇಕಡಾ 5. ಅಷ್ಟೂ ಇಲ್ಲದವು ಬಣ್ಣದಿಂದಲೇ ಹಣ್ಣನ್ನು ನೆನಪಿಸಿ ಕೆಲಸ ಮುಗಿಸುತ್ತವೆ.

ಇದರಲ್ಲಿ ನನಗೇನು ತಲೆಬಿಸಿ ಅಂತೀರಾ? ಹೇಳುತ್ತೇನೆ.

ಕಳೆದ ಚಳಿಗಾಲದಲ್ಲಿ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಹುಡುಗಿ, ಏಳು ವರ್ಷದವಳು, ಮನೆಗೆ ಬಂದಿದ್ದಳು. ನಾಗಪುರದ ಸಂತ್ರಾ ಚೆನ್ನಾಗಿ ಬಂದಿತ್ತು. ಎರಡು ಹಿಂಡಿ, ಮೇಲೆ ತಣ್ಣನೆ ಸೋಡಾ ಹೊಯ್ದು ಕೊಟ್ಟೆ. ಎರಡು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟು ಹೇಳಿದಳು: “ಆಂಟಿ, ಇದ್ರಲ್ಲಿ ಆರೆಂಜ್ ಟೇಸ್ಟೇ ಇಲ್ಲ.”

ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಆ ಮಗುವಿನ ನಾಲಿಗೆಗೆ ‘ಆರೆಂಜ್’ ಎಂದರೆ ಬಾಟಲಿಯಲ್ಲಿ ಬರುವುದು. ಮರದಲ್ಲಿ ಆಗುವುದು ಅದರ ನಕಲು, ಅದೂ ಸರಿಯಾಗಿ ಬಾರದ ನಕಲು! ಮಕ್ಕಳು ಸಕ್ಕರೆ ಹೆಚ್ಚು ತಿನ್ನುತ್ತಾರೆ, ಹಲ್ಲು ಹಾಳಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಸರಿ. ಆದರೆ ಹಣ್ಣಿನ ರುಚಿಯೇ ಒಂದು ತಲೆಮಾರಿಗೆ ಅಪರಿಚಿತವಾಗುತ್ತಿದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೇ ನನ್ನ ವಾದ ಇಷ್ಟೇ: ಸೋಡಾ ಕುಡಿಯಲೇಬೇಕಾದರೆ ಮನೆಯಲ್ಲೇ ಹಣ್ಣು ಹಿಂಡಿ ಮಾಡಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಸೋಡಾದ ವೈರಿ ಅಲ್ಲ. ಸೋಡಾದಷ್ಟು ಸೊಗಸಾದ ವಸ್ತು ಕಡಿಮೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ-ವಿಜ್ಞಾನಿ ಬಿಯರ್ ಭಟ್ಟಿಯ ತೊಟ್ಟಿಗಳ ಮೇಲೆ ನಿಲ್ಲುವ ಗಾಳಿಯನ್ನು ನೀರಿಗೆ ಬೆರೆಸಿ ಕುಡಿದು ನೋಡಿದ. ಅಲ್ಲಿಂದ ಶುರು. 1872ರಲ್ಲಿ ಹೈರಮ್ ಕಾಡ್ ಎಂಬ ಇನ್ನೊಬ್ಬ ಇಂಗ್ಲಿಷಿನವ ಗೋಲಿ ಬಾಟಲಿಗೆ ಪೇಟೆಂಟ್ ಪಡೆದ. ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೆ ಒತ್ತಿ ಕುತ್ತಿಗೆಯ ರಬ್ಬರ್ ಉಂಗುರಕ್ಕೆ ಕೂರಿಸುತ್ತದೆ. ಬೂಚು ಬೇಡ, ಮುಚ್ಚಳ ಬೇಡ. ಆ ಬಾಟಲಿ ಅವನ ದೇಶದಲ್ಲಿ ಹಳೆ ಸಾಮಾನಾಯಿತು. ನಮ್ಮ ಜಾತ್ರೆಗಳಲ್ಲಿ, ಬಸ್‌ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಗಳಲ್ಲಿ ಮಾತ್ರ ನೂರು ವರ್ಷದಾಚೆಗೂ ‘ಟಪ್’ ಎನ್ನುತ್ತಲೇ ಇತ್ತು. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಅದನ್ನು ಕುಡಿಯದೆ ದೊಡ್ಡವರಾದವರು ನಮ್ಮ ಕಡೆ ಯಾರಿದ್ದಾರೆ?

ಮುಂಬೈಗಂತೂ ಸೋಡಾದ ದೊಡ್ಡ ಇತಿಹಾಸವೇ ಇದೆ. ಇರಾನಿ ಹೋಟೆಲುಗಳ ಕೆಂಪು ರಾಸ್‌ಬೆರಿ, ಚೆಂಬೂರಿನ ಡ್ಯೂಕ್ಸ್, ಪಾರ್ಲೆಯ ಗೋಲ್ಡ್ ಸ್ಪಾಟ್. 1993ರಲ್ಲಿ ಪಾರ್ಲೆಯ ಸೋಡಾಗಳು ಕೋಕಾ-ಕೋಲಾ ಪಾಲಾದವು, ಮರುವರ್ಷ ಡ್ಯೂಕ್ಸ್ ಪೆಪ್ಸಿ ಪಾಲಾಯಿತು. ‘ನಮ್ಮದು ಹೋಯಿತು’ ಎಂದು ಅತ್ತವರು ಬಹಳ. ನಾನು ಅವರ ಜೊತೆ ಅಳಲಾರೆ. ಗೋಲ್ಡ್ ಸ್ಪಾಟ್ ಕೂಡ ಬಣ್ಣ-ಪರಿಮಳದ ನೀರೇ ಆಗಿತ್ತಲ್ಲ. ಸ್ವದೇಶಿ ಬಣ್ಣವಾದರೆ ಹಣ್ಣಾಗುತ್ತದೆಯೇ?

ಈ ಊರಿನಲ್ಲಿ ನಿಜವಾದ ಹಣ್ಣಿನ ಸೋಡಾವನ್ನು ಉಳಿಸಿದವರು ಯಾರು ಗೊತ್ತೇ? ನಮ್ಮ ಉಡುಪಿ ಹೋಟೆಲಿನವರು. ‘ಫ್ರೆಶ್ ಲೈಮ್ ಸೋಡಾ’ ಎಂದರೆ ಸಾಕು, ಮಾಣಿ ತಿರುಗಿ ಕೇಳುತ್ತಾನೆ: “ಸ್ವೀಟಾ, ಸಾಲ್ಟಾ?” ಒಂದು ಗ್ಲಾಸು, ಅದರ ತಳದಲ್ಲಿ ರಸ, ಪಕ್ಕದಲ್ಲಿ ಸೋಡಾ ಬಾಟಲಿ. ನಿಮ್ಮ ಕಣ್ಣೆದುರೇ ಹೊಯ್ಯುತ್ತಾನೆ. ಅದರಲ್ಲಿ ಮುಚ್ಚುಮರೆ ಇಲ್ಲ. ಆ ಮೂರೇ ಸಾಮಾನು ನಮ್ಮ ಮನೆಯಲ್ಲೂ ಇರುವಾಗ, ನೆಂಟರು ಬಂದರೆ ನಾವೇಕೆ ಎರಡು ಲೀಟರ್ ಬಾಟಲಿಗೆ ಓಡುತ್ತೇವೆ?

ಸರಿ, ಮಾಡುವುದು ಹೇಗೆ? ಇದಕ್ಕೆ ಯಂತ್ರ ಬೇಕು ಅನ್ನುವವರಿದ್ದಾರೆ. ಬೇಡ. ಗ್ಯಾಸ್ ಸಿಲಿಂಡರ್ ಹಾಕುವ ಮನೆ-ಯಂತ್ರಗಳು ಒಳ್ಳೆಯವೇ, ಆದರೆ ಸಿಲಿಂಡರ್ ತುಂಬಿಸಲು ಅಲೆಯುವುದು ಯಾರು? ಅಂಗಡಿಯ ಸಾದಾ ಸೋಡಾ ಸಾಕು. ಅದರಲ್ಲಿ ಸಕ್ಕರೆಯಿಲ್ಲ, ಬಣ್ಣವಿಲ್ಲ, ನೀರು ಮತ್ತು ಗ್ಯಾಸು. ನನ್ನ ತಕರಾರು ಗ್ಯಾಸಿನ ಮೇಲಲ್ಲ, ಹಣ್ಣಿನ ಹೆಸರಿನ ಮೇಲೆ.

ಸೋಡಾ ಬಾಟಲಿ ಮಂಜುಗಡ್ಡೆಯಷ್ಟು ತಣ್ಣಗಿರಬೇಕು, ಇದು ಮೊದಲ ಮಾತು. ಸೊನ್ನೆ ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 1.7 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳುತ್ತದೆ. 30 ಡಿಗ್ರಿಗೆ ಬಂದರೆ ಅದೇ ನೀರು ಹಿಡಿಯುವುದು ಒಂದು ಲೀಟರಿನ ಮೂರನೇ ಎರಡು ಭಾಗ ಅಷ್ಟೇ. ಬೆಚ್ಚಗಿನ ಸೋಡಾ ತೆರೆದರೆ ನೊರೆಯೆಲ್ಲ ಅಡುಗೆಕಟ್ಟೆಗೆ, ನೀರು ಮಾತ್ರ ಗ್ಲಾಸಿಗೆ.

ಎರಡನೆಯದು, ಸಕ್ಕರೆಯನ್ನು ಹಾಗೇ ಹಾಕಬೇಡಿ. ತಣ್ಣೀರಿನಲ್ಲಿ ಅದು ಕರಗುವುದಿಲ್ಲ, ಕದಡಿದಷ್ಟೂ ಗ್ಯಾಸು ಹಾರುತ್ತದೆ. ಸಕ್ಕರೆ, ನೀರು ಸಮ ಅಳತೆ ತೆಗೆದು ಒಂದು ಕುದಿ ಬರಿಸಿ ಆರಿಸಿ ಫ್ರಿಜ್ಜಿನಲ್ಲಿಡಿ. ವಾರ ಕಳೆಯುತ್ತದೆ. ಇನ್ನೊಂದು ಗುಟ್ಟು: ಲಿಂಬೆಯ ಘಮ ಇರುವುದು ರಸದಲ್ಲಿ ಅಲ್ಲ, ಸಿಪ್ಪೆಯ ಎಣ್ಣೆಯಲ್ಲಿ. ತೊಳೆದ ಲಿಂಬೆಯ ಹೊರಸಿಪ್ಪೆಯನ್ನು ಮಾತ್ರ ತೆಳ್ಳಗೆ ಹೆರೆದು ಸಕ್ಕರೆಯಲ್ಲಿ ಹಾಕಿ ಕೈಯಿಂದ ತಿಕ್ಕಿ ಅರ್ಧ ಗಂಟೆ ಬಿಡಿ. ಸಕ್ಕರೆ ಒದ್ದೆಯಾಗಿ ಹೊಳೆಯುತ್ತದೆ. ಅದರಿಂದ ಪಾಕ ಮಾಡಿ ಸೋಸಿ. ಬಿಳಿಯ ತೊಗಟೆ ಸೇರಬಾರದು, ಅದು ಕಹಿ. ಬೀಜ ಜಜ್ಜಿದರೂ ಕಹಿ.

ಇನ್ನು ಕ್ರಮ. ಗ್ಲಾಸಿಗೆ ಮೊದಲು ರಸ, ಆಮೇಲೆ ಪಾಕ, ಒಂದು ಚಿಟಿಕೆ ಉಪ್ಪು. ಇಷ್ಟನ್ನೂ ಚೆನ್ನಾಗಿ ಕದಡಿ. ಕೊನೆಗೆ ಗ್ಲಾಸನ್ನು ಓರೆ ಹಿಡಿದು ಬದಿಯಿಂದ ಸೋಡಾ ಇಳಿಸಿ, ಚಮಚದಲ್ಲಿ ಒಂದೇ ಸುತ್ತು. ಕೆಲವರು ಸೋಡಾ ಹೊಯ್ದ ಮೇಲೆ ಉಪ್ಪು ಉದುರಿಸುತ್ತಾರೆ. ಬುಸ್ಸೆಂದು ಏಳುವ ನೊರೆ ನೋಡಲು ಚಂದ, ಆದರೆ ಉಪ್ಪಿನ ಒಂದೊಂದು ಹರಳೂ ಗುಳ್ಳೆ ಏಳಲು ಜಾಗ ಕೊಡುತ್ತದೆ, ನಿಮ್ಮ ಗ್ಯಾಸು ಅಲ್ಲೇ ಖಾಲಿ.

ಅಡುಗೆ ಸೋಡಾಕ್ಕೆ ಲಿಂಬೆ ಹಿಂಡಿ ‘ಮನೆ ಸೋಡಾ’ ಮಾಡುವ ಪದ್ಧತಿಯೂ ಇದೆ. ನನಗದು ಹಿಡಿಸುವುದಿಲ್ಲ. ಹುಡಿ ಲಿಂಬೆಯ ಹುಳಿಯನ್ನೇ ತಿಂದು ಗ್ಯಾಸು ಬಿಡುತ್ತದೆ. ಕೊನೆಗೆ ಉಳಿಯುವುದು ಹುಳಿ ಸತ್ತ, ಸೋಡಿಯಂ ತುಂಬಿದ ಚಪ್ಪೆ ನೀರು. ಬಿಪಿ ಇದ್ದವರಿಗಂತೂ ಬೇಡವೇ ಬೇಡ. ಶುಂಠಿ, ಸಕ್ಕರೆ, ಲಿಂಬೆ ಹಾಕಿ ಹುಳಿಬರಿಸಿ ಗ್ಯಾಸು ಹುಟ್ಟಿಸುವವರೂ ಇದ್ದಾರೆ. ರುಚಿ ಚೆನ್ನ, ಆದರೆ ಮುಂಬೈ ಸೆಖೆಯಲ್ಲಿ ಗಾಜಿನ ಬಾಟಲಿ ಸಿಡಿದರೆ ಕಷ್ಟ. ಮಾಡುವುದಾದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾಡಿ, ಒತ್ತಿ ನೋಡಿ ಗಟ್ಟಿಯಾದ ಕೂಡಲೇ ಫ್ರಿಜ್ಜಿಗಿಡಿ.

ಹಣ್ಣು ಯಾವುದು? ಲಿಂಬೆಯೊಂದೇ ಅಲ್ಲ. ಮರಾಠವಾಡದ ಜಾಲ್ನಾ ಕಡೆಯ ಮೋಸಂಬಿ ನಮ್ಮ ಮಾರ್ಕೆಟ್ಟಿನಲ್ಲಿ ಧಾರಾಳ. ಅದಕ್ಕೆ ಪಾಕ ಬೇಡ, ಅರ್ಧ ಲಿಂಬೆ ಬೇಕು, ಇಲ್ಲದಿದ್ದರೆ ಸೋಡಾದಲ್ಲಿ ಅದು ಸಪ್ಪೆ. ಆದರೆ ಹಿಂಡಿದ ಕೂಡಲೇ ಕುಡಿಯಬೇಕು. ಇಟ್ಟರೆ ಲಿಮೋನಿನ್ ಎಂಬ ಅಂಶ ನಿಧಾನವಾಗಿ ಮೂಡಿ ಕಹಿಯಾಗುತ್ತದೆ. ನಾಗಪುರ ಸಂತ್ರಾಕ್ಕೆ ಚೂರು ಶುಂಠಿ ಹಿತ. ಚಕ್ಕೋತದ ತೊಳೆ ಬಿಡಿಸಿ ರಸ ತೆಗೆದು ಉಪ್ಪು-ಸೋಡಾ ಹಾಕಿ ನೋಡಿ, ಅದೊಂದು ಬೇರೆಯೇ ಲೋಕ. ಊರಿಂದ ಯಾರಾದರೂ ಕಂಚಿಕಾಯಿ ತಂದರೆ ಉಪ್ಪಿನಕಾಯಿಗೆ ಮುಗಿಸಬೇಡಿ, ಒಂದನ್ನು ಸೋಡಾಕ್ಕೆ ಉಳಿಸಿ. ಇನ್ನು ಲಿಂಬೆಯ ಮಾತಿಗೆ ಬಂದರೆ ವಿಜಯಪುರದ ಇಂಡಿಯ ಲಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಬಾಟಲಿಯೊಳಗಿನ ಪರಿಮಳಕ್ಕೆ ಅಂಥ ಊರೊಂದಿದೆಯೇ? ಲಿಂಬೆ ಬೆಳೆದವನಿಗೆ ನಮ್ಮ ಹತ್ತು ರೂಪಾಯಿಯಲ್ಲಿ ನಾಲ್ಕಾಣೆಯಾದರೂ ತಲುಪುತ್ತದೆ. ಹಣ್ಣಿಲ್ಲದ ಬಾಟಲಿಯಿಂದ ಅವನಿಗೆ ತಲುಪುವುದೇನು?

ಖರ್ಚಿನ ಮಾತು. ಇಲ್ಲಿ ಸುಳ್ಳು ಹೇಳಬಾರದು. ನಮ್ಮ ಬೀದಿಯಲ್ಲಿ 750 ಮಿಲಿ ಸೋಡಾಕ್ಕೆ 20 ರೂಪಾಯಿ, ಮೂರು ಲಿಂಬೆಗೆ 15, ಸಕ್ಕರೆಗೆ 2-3 ರೂಪಾಯಿ. ನಾಲ್ಕು ಗ್ಲಾಸು ಆಗುತ್ತದೆ, ಗ್ಲಾಸಿಗೆ ಹತ್ತು ರೂಪಾಯಿ ಹತ್ತಿರ. ದೊಡ್ಡ ಬಾಟಲಿಯ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ. 2022ರ ಏಪ್ರಿಲ್‌ನಲ್ಲಿ ಲಿಂಬೆ ಒಂದಕ್ಕೆ ಹತ್ತು ರೂಪಾಯಿ ದಾಟಿದಾಗ ಮನೆಯದ್ದೇ ದುಬಾರಿಯಾಗಿತ್ತು. ಅಂದರೆ ಉಳಿತಾಯಕ್ಕಾಗಿ ಇದನ್ನು ಮಾಡಿ ಎಂದು ನಾನು ಹೇಳಲಾರೆ. 2025ರ ಸೆಪ್ಟೆಂಬರ್ 22ರಿಂದ ಬಾಟಲಿ ಸೋಡಾಗಳ ಮೇಲೆ ಶೇಕಡಾ 40 ಜಿಎಸ್‌ಟಿ ಇದೆ. ಸರಕಾರವೇ ಅದನ್ನು ಗುಟ್ಕಾ-ಸಿಗರೇಟಿನ ಸಾಲಿಗೆ ಕೂರಿಸಿದೆ. ನಿಂತಿತೇ ಮಾರಾಟ? ತೆರಿಗೆಯಿಂದ ನಾಲಿಗೆ ಬದಲಾಗುವುದಿಲ್ಲ.

ಸಕ್ಕರೆಯ ಲೆಕ್ಕದಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು. 300 ಮಿಲಿ ಕೋಲಾದಲ್ಲಿ ಸುಮಾರು 32 ಗ್ರಾಂ ಸಕ್ಕರೆ, ಆರು ಚಮಚಕ್ಕೂ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಎಂದಿತು. ಮನೆಯ ಗ್ಲಾಸಿಗೆ ಎರಡು ಚಮಚ, ಅಂದರೆ 10 ಗ್ರಾಂ ಸಾಕು. ಮುಖ್ಯ ಏನೆಂದರೆ ಚಮಚ ನಿಮ್ಮ ಕೈಯಲ್ಲಿರುತ್ತದೆ. ಈ ವಾರ ಎರಡು, ಮುಂದಿನ ವಾರ ಒಂದೂವರೆ ಮಾಡಬಹುದು. ಹಾಗೆಂದು ‘ಮನೆಯದ್ದು, ಎಷ್ಟು ಕುಡಿದರೂ ಅಮೃತ’ ಅನ್ನಬೇಡಿ. ಹಣ್ಣಿನ ರಸದ ಸಕ್ಕರೆಯೂ ಸಕ್ಕರೆಯೇ, ಲಿಂಬೆಯ ಹುಳಿ ಹಲ್ಲಿಗೆ ಹುಳಿಯೇ. ಡಯಾಬಿಟಿಸ್ ಇದ್ದವರು ಉಪ್ಪಿನದ್ದೇ ಕುಡಿಯಲಿ.

“ಬೀದಿ ಶರಬತ್ತಿಗಿಂತ ಬಾಟಲಿ ಸ್ವಚ್ಛ ಅಲ್ಲವೇ?” ಎಂದು ಕೇಳುವವರಿದ್ದಾರೆ. ಒಪ್ಪಿದೆ. 2019ರ ಮಾರ್ಚ್‌ನಲ್ಲಿ ಕುರ್ಲಾ ಸ್ಟೇಷನ್ನಿನ ಲಿಂಬು ಶರಬತ್ತಿನ ವಿಡಿಯೋ ನೋಡಿ ಮುಂಬೈಯೇ ಹೇಸಿಕೊಂಡಿತ್ತು, ಆಮೇಲೆ ಸೆಂಟ್ರಲ್ ರೈಲ್ವೆ ಪ್ಲಾಟ್‌ಫಾರ್ಮುಗಳಲ್ಲಿ ತೆರೆದ ಶರಬತ್ತನ್ನೇ ನಿಲ್ಲಿಸಿತು. ಆದರೆ ಆಯ್ಕೆ ಈ ಎರಡರ ನಡುವೆ ಮಾತ್ರ ಎಂದವರು ಯಾರು? ಒಂದು ಕಡೆ ಕೊಳಕು, ಇನ್ನೊಂದು ಕಡೆ ಹಣ್ಣಿಲ್ಲದ ಹಣ್ಣು. ನಡುವೆ ನಮ್ಮ ಅಡುಗೆಮನೆ ಇದೆಯಲ್ಲ!

“ಟೈಮ್ ಎಲ್ಲಿದೆ?” ಇದು ಕೊನೆಯ ಪ್ರಶ್ನೆ, ಮತ್ತು ನಿಜವಾದ ಪ್ರಶ್ನೆ. 8.12ರ ಫಾಸ್ಟ್ ಲೋಕಲ್ ಹಿಡಿಯುವ ಊರಿನಲ್ಲಿ ನಾನಿದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಪಾಕ ಫ್ರಿಜ್ಜಿನಲ್ಲಿದ್ದರೆ ನಾಲ್ಕು ಗ್ಲಾಸಿಗೆ ಐದು ನಿಮಿಷ. ಅದನ್ನು ಮನೆಯ ಹೆಂಗಸೇ ಮಾಡಬೇಕೆಂದೂ ಇಲ್ಲ. ಹಿಂಡುವ ಕೆಲಸ ಮಕ್ಕಳಿಗೆ ಕೊಡಿ. ತಾನೇ ಹಿಂಡಿದ್ದನ್ನು ಯಾವ ಮಗುವೂ ‘ಟೇಸ್ಟ್ ಇಲ್ಲ’ ಅನ್ನುವುದಿಲ್ಲ.

ನಮ್ಮ ಊರ ಕಡೆ ಮನೆಗೆ ಬಂದವರು ಜಗಲಿ ಹತ್ತುವ ಮೊದಲೇ ಕೇಳುವ ಮಾತೊಂದಿದೆ: “ಆಸ್ರಿಗೆ ಎಂತ ಅಡ್ಡಿಲ್ಲೆ?” ಬಾಯಾರಿಕೆಗೆ ಏನು ಆದೀತು, ಎಂದು. ಮಜ್ಜಿಗೆಯೋ, ಪಾನಕವೋ, ಬರೀ ಬೆಲ್ಲ-ನೀರೋ, ಬಂದವರು ಹೇಳಿದ ಮೇಲೆ ಒಳಗೆ ತಯಾರಿ. ಬಂದವರ ಹೆಸರಿನಲ್ಲಿ ಏನೋ ಒಂದನ್ನು ಕೈಯಾರೆ ಮಾಡುವುದು, ಅದೇ ಉಪಚಾರ. ಮೂವತ್ತೆರಡು ವರ್ಷ ಈ ಊರಿನಲ್ಲಿದ್ದು ನಾವು ಮನೆಯ ಅಳತೆ, ಮಾತಿನ ಅಳತೆ ಎಲ್ಲ ಕಡಿಮೆ ಮಾಡಿಕೊಂಡಿದ್ದೇವೆ. ಜಗಲಿ ಇಲ್ಲ, ಬಾಗಿಲು ತೆರೆದರೆ ಲಿಫ್ಟು. ಆದರೂ ಆ ಪ್ರಶ್ನೆಗೆ ಜಾಗ ಬೇಕಿಲ್ಲ.

ಮುಂದಿನ ಭಾನುವಾರ ಯಾರಾದರೂ ಬಂದರೆ ಕೇಳಿ ನೋಡಿ: ಸ್ವೀಟಾ, ಸಾಲ್ಟಾ? ನಾಲ್ಕು ಲಿಂಬೆ ಮನೆಯಲ್ಲಿರಲಿ ಅಷ್ಟೇ.