ಮಣಿಕಟ್ಟಿನ ಗಡಿಯಾರವೂ ಒಡಲಿನ ಅಗ್ನಿಯೂ

ಗಡಿಯಾರವು ಹೊತ್ತನ್ನು ತಿಳಿಸಿ ಸುಮ್ಮನಿರುತ್ತಿದ್ದ ಕಾಲವು ಕಳೆದುಹೋಯಿತು. 1961 ರಲ್ಲಿ ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯು ಕೈಗಡಿಯಾರಗಳನ್ನು ಮಾಡತೊಡಗಿದಾಗ, ಅದನ್ನು ಕಟ್ಟಿಕೊಂಡವನು ಗಂಟೆ ನಿಮಿಷಗಳ ಹೊರತು ಮತ್ತೇನನ್ನೂ ಅದರಿಂದ ಬಯಸುತ್ತಿರಲಿಲ್ಲ. ಈಗಿನ ಗಡಿಯಾರಗಳಾದರೋ ಹೆಜ್ಜೆಗಳನ್ನು ಎಣಿಸುವುವು, ನಾಡಿಯನ್ನು ನೋಡುವುವು, ನಿದ್ರೆಯ ಲೆಕ್ಕವನ್ನಿಡುವುವು. ಇವೆಲ್ಲಕ್ಕೂ ಮಿಗಿಲಾಗಿ, ಈ ದಿನ ತಾವು ಇಷ್ಟು ಕ್ಯಾಲೊರಿಗಳನ್ನು ವ್ಯಯಮಾಡಿದಿರಿ ಎಂದು ಒಂದು ಅಂಕೆಯನ್ನು ತೋರಿಸುವುವು. ನಮ್ಮ ಐಮಂಗಲದಂಥ ಊರಿನಲ್ಲಿಯೂ ಬೆಳಗಿನ ಹೊತ್ತು ನಡೆಯಲು ಹೊರಟವರ ಮಣಿಕಟ್ಟಿನಲ್ಲಿ ಇಂಥ ಗಡಿಯಾರವು ಕಾಣಬರುತ್ತದೆ. ಅದನ್ನು ಕಟ್ಟಿಕೊಳ್ಳಬಾರದೆಂಬುದು ನಮ್ಮ ಮಾತಲ್ಲ. ಆದರೆ ಆ ಒಂದು ಅಂಕೆಯನ್ನು ನಂಬಿ ತಟ್ಟೆಯ ಮೇಲಿನ ಮುದ್ದೆಯನ್ನು ಹೆಚ್ಚು ಕಡಮೆ ಮಾಡುವ ಅಭ್ಯಾಸವು ಮನೆಗಳಲ್ಲಿ ಹಬ್ಬುತ್ತಿರುವುದರಿಂದ, ಅದನ್ನು ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬುದನ್ನು ಈ ತಿಂಗಳು ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಕ್ಯಾಲೊರಿಯೆಂಬುದು ಶಾಖದ ಅಳತೆ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಮಾಡಲು ಬೇಕಾಗುವ ಶಾಖಕ್ಕೆ ಕಿಲೋಕ್ಯಾಲೊರಿಯೆಂದು ಹೆಸರು. ಊಟದ ಮಾತಿನಲ್ಲಿ ಕ್ಯಾಲೊರಿಯೆಂದು ಹೇಳುವುದು ಇದನ್ನೇ. ಒಡಲಿನಲ್ಲಿ ಒಂದು ಅಗ್ನಿಯುಂಟೆಂದು ನಮ್ಮ ಪೂರ್ವಿಕರು ಹೇಳುತ್ತಿದ್ದರು. ಆ ಅಗ್ನಿಯನ್ನು ಅಳೆದು ನೋಡಬೇಕೆಂಬ ಪ್ರಯತ್ನವು ಫ್ರಾನ್ಸ್ ದೇಶದಲ್ಲಿ 1780 ರ ದಶಕದಲ್ಲಿ ನಡೆಯಿತು. ಲಾವೋಸಿಯೆ, ಲಾಪ್ಲಾಸ್ ಎಂಬ ಪಂಡಿತರು ಒಂದು ಗಿನಿ ಇಲಿಯನ್ನು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯಲ್ಲಿಟ್ಟು, ಅದರ ಮೈಯ ಶಾಖದಿಂದ ಎಷ್ಟು ಮಂಜು ಕರಗಿತೆಂಬುದನ್ನು ತೂಗಿ ನೋಡಿದರು. ಈಗ ಪ್ರಯೋಗಶಾಲೆಗಳಲ್ಲಿ ಮನುಷ್ಯನ ಉಸಿರನ್ನು ಅಳೆಯುವರು. ನಾವು ಒಂದು ಲೀಟರು ಆಮ್ಲಜನಕವನ್ನು ಬಳಸಿದರೆ ಸುಮಾರು 5 ಕಿಲೋಕ್ಯಾಲೊರಿ ವ್ಯಯವಾಯಿತೆಂದು ಲೆಕ್ಕ. ಮತ್ತೊಂದು ಉಪಾಯವೂ ಉಂಟು. ಭಾರವಾದ ಜಲಜನಕವೂ ಭಾರವಾದ ಆಮ್ಲಜನಕವೂ ಸೇರಿದ ನೀರನ್ನು ಕುಡಿಸಿ, ಅವೆರಡೂ ಮೈಯಿಂದ ಎಷ್ಟು ಬೇಗ ಹೊರಬೀಳುವುವೆಂಬುದನ್ನು ಕೆಲವು ದಿನ ಮೂತ್ರಪರೀಕ್ಷೆಯಿಂದ ನೋಡುವುದು. ಅಮೆರಿಕದ ನೇಥನ್ ಲಿಫ್ಸನ್ ಎಂಬವರೂ ಅವರ ಸಂಗಡಿಗರೂ ಈ ಕ್ರಮವನ್ನು 1955 ರಲ್ಲಿ ಪ್ರಕಟಿಸಿದರು.

ಈ ಗಡಿಯಾರವು ಇವುಗಳಲ್ಲಿ ಯಾವುದನ್ನೂ ಮಾಡುವುದಿಲ್ಲ. ಅದು ನಮ್ಮ ಉಸಿರನ್ನು ಕಾಣದು, ಶಾಖವನ್ನು ತೂಗದು. ಕೈ ಅಲುಗಾಡಿದುದನ್ನು ಒಂದು ಸಣ್ಣ ಉಪಕರಣದಿಂದ ಅರಿಯುತ್ತದೆ; ಚರ್ಮದ ಮೇಲೆ ಹಸುರು ಬೆಳಕನ್ನು ಬೀರಿ, ರಕ್ತದ ಏರಿಳಿತದಿಂದ ನಾಡಿಯನ್ನು ಗುಣಿಸುತ್ತದೆ; ನಾವು ಮೊದಲೇ ಬರೆದುಕೊಟ್ಟ ವಯಸ್ಸು, ಎತ್ತರ, ತೂಕ, ಗಂಡಸೋ ಹೆಂಗಸೋ ಎಂಬ ವಿವರಗಳನ್ನು ಇದಕ್ಕೆ ಸೇರಿಸಿ, ಕಂಪನಿಯವರು ಹಾಕಿಕೊಟ್ಟ ಸೂತ್ರದಂತೆ ಒಂದು ಅಂಕೆಯನ್ನು ಹೇಳುತ್ತದೆ. ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ಪ್ರತ್ಯಕ್ಷವಲ್ಲ, ಅನುಮಾನ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ನಿಶ್ಚಯಿಸುವಂತೆ, ನಾಡಿಯ ವೇಗವನ್ನು ಕಂಡು ಒಡಲಿನಲ್ಲಿ ಇಷ್ಟು ಬೆಂಕಿಯುಂಟೆಂದು ಊಹಿಸುವುದು.

ಅನುಮಾನವು ಸಾಧುವಾಗಬೇಕಾದರೆ ವ್ಯಾಪ್ತಿಯು ಕೆಡಬಾರದು. ಎಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯಿರಬೇಕು. ನಾಡಿಯ ವಿಷಯದಲ್ಲಿ ಈ ನಿಯಮವು ನಿಲ್ಲುವುದಿಲ್ಲ. ಹಿರಿಯೂರು ಸೀಮೆಯ ಚೈತ್ರ ವೈಶಾಖದ ಬಿಸಿಲಿನಲ್ಲಿ ನಡೆದರೆ ಅದೇ ದಾರಿಗೆ ನಾಡಿಯು ಹೆಚ್ಚಾಗಿ ಹೊಡೆಯುತ್ತದೆ. ವ್ಯಯವು ಆ ಪ್ರಮಾಣದಲ್ಲಿ ಏರಿರುವುದಿಲ್ಲ. ಭಯಪಟ್ಟಾಗ, ಗಟ್ಟಿ ಕಾಫಿಯನ್ನು ಕುಡಿದಾಗಲೂ ಹೀಗೆಯೇ. ನಮ್ಮೂರಿನ ಪೊಲೀಸ್ ತರಬೇತಿ ಶಾಲೆಯ ಯುವಕನೂ, ಅಂಗಡಿಯಲ್ಲಿ ಕುಳಿತೇ ಇರುವ ಅದೇ ತೂಕದ ಗೃಹಸ್ಥರೂ ಜೊತೆಯಾಗಿ ಒಂದು ಮೈಲಿ ನಡೆದರೆ, ವ್ಯಯವು ಹೆಚ್ಚು ಕಡಮೆ ಒಂದೇ. ಎದೆಯ ಬಡಿತ ಮಾತ್ರ ಬೇರೆ ಬೇರೆ. ಕೈಯ ಚಲನೆಯನ್ನು ನಂಬೋಣವೆಂದರೆ ಅಲ್ಲಿಯೂ ತೊಡಕುಂಟು. ತಲೆಯ ಮೇಲಿನ ಕೊಡವನ್ನು ಕೈಯಿಂದ ಹಿಡಿದು ಬರುವ ಹೆಂಗಸಿನ ಮಣಿಕಟ್ಟು ಅಲುಗದೆ ಇರುವುದರಿಂದ ಅವಳ ಹೆಜ್ಜೆಗಳು ಎಣಿಕೆಗೆ ತಪ್ಪಬಹುದು. ಕುಳಿತಲ್ಲಿಯೇ ರೊಟ್ಟಿ ತಟ್ಟಿದರೆ ಇಲ್ಲದ ಹೆಜ್ಜೆಗಳು ಎಣಿಕೆಗೆ ಸೇರಬಹುದು.

ಇದು ಕೇವಲ ತರ್ಕವಲ್ಲ; ಪರೀಕ್ಷೆಮಾಡಿ ನೋಡಿದ ಸಂಗತಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಮಂದಿಗೆ ಏಳು ಬಗೆಯ ಉಪಕರಣಗಳನ್ನು ಕಟ್ಟಿ, ನಡೆಯಿಸಿ, ಓಡಿಸಿ, ಸೈಕಲ್ ತುಳಿಸಿ, ಅದೇ ಹೊತ್ತಿನಲ್ಲಿ ಅವರ ಉಸಿರನ್ನೂ ಅಳೆದು 2017 ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಾಡಿಯ ವಿಷಯದಲ್ಲಿ ಏಳರಲ್ಲಿ ಆರು ಉಪಕರಣಗಳ ತಪ್ಪು ಶೇಕಡ 5 ಕ್ಕೆ ಒಳಗಿತ್ತು. ಕ್ಯಾಲೊರಿಯ ವಿಷಯದಲ್ಲಾದರೋ ಎಲ್ಲಕ್ಕಿಂತ ಉತ್ತಮವಾದುದರ ತಪ್ಪೇ ಶೇಕಡ 27. ಕನಿಷ್ಠವಾದುದರ ತಪ್ಪು ಶೇಕಡ 93. ಕಪ್ಪು ಮೈಬಣ್ಣದವರಲ್ಲಿಯೂ ಸ್ಥೂಲಕಾಯರಲ್ಲಿಯೂ ಉಪಕರಣಗಳ ತಪ್ಪು ಹೆಚ್ಚೆಂದು ಅವರು ಕಂಡರು. ಅಲ್ಲಿಂದೀಚೆಗೆ ಯಂತ್ರಗಳು ಸುಧಾರಿಸುತ್ತಿರುವುವು, ನಿಜ. ಆದರೂ ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2020 ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು, ಕ್ಯಾಲೊರಿಯನ್ನು ನಿಖರವಾಗಿ ಹೇಳುವ ಕಂಪನಿ ಒಂದೂ ಇಲ್ಲವೆಂದೇ ತೀರ್ಮಾನಿಸಿತು.

ನಮ್ಮ ನಾಡಿನವರಿಗೆ ಇನ್ನೊಂದು ವಿಶೇಷವುಂಟು. ಸುಮ್ಮನೆ ಮಲಗಿದ್ದರೂ ಉಸಿರಿಗೂ ರಕ್ತಸಂಚಾರಕ್ಕೂ ಮೈ ವ್ಯಯಮಾಡುತ್ತಲೇ ಇರುತ್ತದೆ. ದಿನದ ಒಟ್ಟು ವ್ಯಯದಲ್ಲಿ ದೊಡ್ಡ ಪಾಲು ಇದೇ. ಇದನ್ನು ಗುಣಿಸುವ ಪ್ರಸಿದ್ಧವಾದ ಹಳೆಯ ಸೂತ್ರವು 1919 ರಲ್ಲಿ ಅಮೆರಿಕದ ಹ್ಯಾರಿಸ್, ಬೆನೆಡಿಕ್ಟ್ ಎಂಬವರು ಅಲ್ಲಿಯ ಜನರನ್ನು ಅಳೆದು ಕಟ್ಟಿದುದು. ಪರದೇಶದ ಸೂತ್ರವು ಇಲ್ಲಿಯವರ ಮೈಗೆ ಹೊಂದುವುದೇ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಪರಿಶ್ರಮಪಟ್ಟು ವಿಚಾರಿಸಿ, ಭಾರತೀಯ ಗಂಡಸರಿಗಾಗಿಯೇ ಬೇರೆ ಸೂತ್ರಗಳನ್ನು 1993 ರಲ್ಲಿ ಪ್ರಕಟಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರೂ ನಮ್ಮವರ ಲೆಕ್ಕವನ್ನು ಪರದೇಶದ ಲೆಕ್ಕಕ್ಕಿಂತ ಶೇಕಡ 5 ರಷ್ಟು ತಗ್ಗಿಸಿಕೊಂಡಿದ್ದರು. ಗಡಿಯಾರದೊಳಗೆ ಯಾರ ಸೂತ್ರವಿದೆಯೆಂಬುದು ಕೊಂಡವರಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ.

ಇಷ್ಟು ತಪ್ಪಿದ್ದರೇನಾಯಿತು ಎನ್ನುವವರು ಈ ಲೆಕ್ಕವನ್ನು ನೋಡಲಿ. 60 ಕಿಲೋ ತೂಕದವರು ಸಾಧಾರಣ ವೇಗದಲ್ಲಿ ಒಂದು ಗಂಟೆ ನಡೆದರೆ ಸುಮಾರು 200 ಕಿಲೋಕ್ಯಾಲೊರಿ ವ್ಯಯ. ಇದರಲ್ಲಿ ಸುಮಾರು 60, ಅವರು ಜಗಲಿಯ ಮೇಲೆ ಕುಳಿತಿದ್ದರೂ ವ್ಯಯವಾಗುತ್ತಿದ್ದುದೇ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಇರುತ್ತದೆ. ಗಡಿಯಾರವು ದಿನಕ್ಕೆ 80 ರಷ್ಟು ಹೆಚ್ಚಾಗಿ ತೋರಿಸಿ, ಅದನ್ನು ನಂಬಿ ಅಷ್ಟನ್ನೂ ಉಂಡರೆ, ತಿಂಗಳಿಗೆ 2,400 ಆಗುತ್ತದೆ. ಇದು ಸುಮಾರು 300 ಗ್ರಾಂ ಕೊಬ್ಬಿಗೆ ಸಮಾನ. ನಡೆದೂ ನಡೆದೂ ತೂಕವೇಕೆ ಇಳಿಯಲಿಲ್ಲವೆಂದು ನೊಂದುಕೊಳ್ಳುವವರಲ್ಲಿ ಅನೇಕರ ಕಥೆ ಇದೇ ಆಗಿರಬಹುದು.

ಸಕ್ಕರೆ ಕಾಯಿಲೆಯವರ ಪಾಡು ಇದಕ್ಕಿಂತ ಸೂಕ್ಷ್ಮ. ನಮಗೆ ಪರಿಚಿತರಾದ ಒಬ್ಬ ಹಿರಿಯರು, ಗಡಿಯಾರವು ದೊಡ್ಡ ಅಂಕೆಯನ್ನು ತೋರಿಸಿದ ದಿನ ಎರಡು ಒಬ್ಬಟ್ಟು ತಿನ್ನುವುದು ತಮ್ಮ ಹಕ್ಕೆಂದು ತಿಳಿದಿದ್ದರು. ರಕ್ತದ ಸಕ್ಕರೆಯಾದರೋ ಗಡಿಯಾರದ ಮಾತನ್ನು ಕೇಳಲಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಈ ಅಂಕೆಯನ್ನು ನೋಡಿ ಔಷಧಿಯನ್ನಾಗಲಿ ಊಟವನ್ನಾಗಲಿ ತಾವೇ ಬದಲಾಯಿಸುವುದು ಅಪಾಯಕರ. ವೈದ್ಯರ ಮಾತೂ ರಕ್ತಪರೀಕ್ಷೆಯೂ ಇಲ್ಲಿ ಪ್ರಮಾಣ. ಇದಕ್ಕೆ ವಿರುದ್ಧವಾಗಿ, ಮೊದಲೇ ಕೃಶಳಾಗಿರುವ ಹೆಣ್ಣುಮಗಳೊಬ್ಬಳು ಮನೆಗೆಲಸವನ್ನೆಲ್ಲ ಮಾಡಿಯೂ, ಗಡಿಯಾರವು ಕಡಮೆ ತೋರಿಸಿತೆಂದು ರಾತ್ರಿಯ ಊಟವನ್ನು ಬಿಡುವುದುಂಟು. ಅವಳು ಎತ್ತಿದ ಕೊಡ, ತೊಳೆದ ಬಟ್ಟೆ, ಹೊತ್ತ ಮಗು ಇವುಗಳ ಭಾರವು ಆ ಅಂಕೆಯಲ್ಲಿ ಸೇರಿರುವುದಿಲ್ಲ. ಮನೆಯ ಯಜಮಾನರು ಇದನ್ನು ಗಮನಿಸಬೇಕು. ಶೇಂಗಾ ಹೊಲದಲ್ಲಿ ದಿನವಿಡೀ ಕುಕ್ಕರಗಾಲಿನಲ್ಲಿ ಕಳೆ ತೆಗೆಯುವವಳ ದಣಿವನ್ನು ಯಾವ ಗಡಿಯಾರವೂ ಸರಿಯಾಗಿ ಬರೆದುಕೊಳ್ಳದು. ಅವಳ ಹಸಿವು ಮಾತ್ರ ಸುಳ್ಳು ಹೇಳದು.

ಹಾಗಾದರೆ ಈ ಯಂತ್ರದಿಂದ ಪ್ರಯೋಜನವಿಲ್ಲವೇ? ಉಂಟು. ಹೆಜ್ಜೆಯನ್ನೂ ನಾಡಿಯನ್ನೂ ಅದು ತಕ್ಕಮಟ್ಟಿಗೆ ಸರಿಯಾಗಿಯೇ ಹೇಳುತ್ತದೆ. ಹೋದ ವಾರಕ್ಕಿಂತ ಈ ವಾರ ಹೆಚ್ಚು ನಡೆದೆವೋ ಎಂದು ತನ್ನನ್ನು ತನ್ನೊಡನೆಯೇ ಹೋಲಿಸಿ ನೋಡುವವನಿಗೆ ಅದು ಒಳ್ಳೆಯ ಸಂಗಾತಿ. ನೆರೆಯವರ ಗಡಿಯಾರದೊಡನೆ ಹೋಲಿಸುವುದು ವ್ಯರ್ಥ. ಬರೆದುಕೊಟ್ಟ ತೂಕವು ಹಳೆಯದಾಗಿದ್ದರೆ ತಿದ್ದತಕ್ಕದ್ದು. ಪಟ್ಟಿಯನ್ನು ಸಡಿಲವಾಗಿ ಕಟ್ಟಬಾರದು. ಕ್ಯಾಲೊರಿಯ ಅಂಕೆಯನ್ನು ಊಟದ ಹೊತ್ತಿನಲ್ಲಿ ನೋಡದಿರುವುದೇ ಲೇಸು. ತಿಂಗಳಿಗೆ ಎರಡು ಸಲ ಒಂದೇ ತಕ್ಕಡಿಯಲ್ಲಿ ತೂಗಿಕೊಂಡು, ಸೊಂಟದ ಸುತ್ತಳತೆಯನ್ನು ದಾರದಿಂದ ನೋಡಿ ಬರೆದಿಟ್ಟರೆ, ಮೂರು ತಿಂಗಳಲ್ಲಿ ಮೈಯೇ ತನ್ನ ಆಯವ್ಯಯವನ್ನು ಒಪ್ಪಿಸುವುದು. ಅದು ಪ್ರತ್ಯಕ್ಷ ಪ್ರಮಾಣ. ಪ್ರತ್ಯಕ್ಷವು ಕೈಗೆ ಸಿಕ್ಕುವಲ್ಲಿ ಅನುಮಾನವನ್ನು ಆಶ್ರಯಿಸಬೇಕಾದುದಿಲ್ಲ.