ಒಂಬತ್ತಿಂಚಿನ ಗೋಡೆ

ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಶೆಡ್ಡು. ಎರಡು ಸಿಎನ್‌ಸಿ ಮೆಷೀನು, ನಾಲ್ಕು ಜನ ಹುಡುಗರು. ಹನ್ನೊಂದು ವರ್ಷ ಸಂಬಳಕ್ಕೆ ದುಡಿದು, "ಇನ್ನು ಸ್ವಂತದ್ದೇ" ಅಂತ ಹೊರಬಿದ್ದ ಇಂಜಿನಿಯರ್ ನಾನು. ಪಕ್ಕದ ಶೆಡ್ಡಿನವರೂ ಇಂಜಿನಿಯರ್ರೇ. ನಾಲ್ಕು ವರ್ಷ ದಿನಾ ಸಂಜೆ ಒಂದೇ ಗಾಡಿ ಹತ್ತಿರ ಟೀ ಕುಡಿದಿದ್ದೀವಿ. "ಹೇಗಿದೆ ಸಾರ್ ಬಿಸಿನೆಸ್ಸು?" ಅಂದ್ರೆ "ಸೂಪರ್ ಸಾರ್, ಫುಲ್ ಲೋಡು" ಅಂತಿದ್ರು. ನಾನೂ ಅದನ್ನೇ ಅಂತಿದ್ದೆ.

ಕಳೆದ ವರ್ಷ ಒಂದು ಬೆಳಗ್ಗೆ ಹೋಗಿ ನೋಡ್ತೀನಿ, ಅವರ ಮೆಷೀನು ಲಾರಿ ಹತ್ತುತ್ತಿದೆ. ಮಾರಿಬಿಟ್ಟಿದ್ದರು. ಒಬ್ಬ ಗಿರಾಕಿ ಐದು ತಿಂಗಳಿಂದ ದುಡ್ಡು ಕೊಟ್ಟಿರಲಿಲ್ಲ, ಬ್ಯಾಂಕಿನ ಕಂತು ಕಟ್ಟೋಕಾಗಿರಲಿಲ್ಲ. ಯಾರು ಸಾರ್ ಅದು ಅಂತ ಕೇಳಿದೆ. ಹೇಳಿದರು. ನನ್ನ ನಾಲ್ಕು ತಿಂಗಳ ಬಿಲ್ಲು ಇಟ್ಟುಕೊಂಡು ಕೂತಿದ್ದೂ ಅದೇ ಕಂಪನಿ! "ಬೇರೆ ಎಲ್ಲಾ ವೆಂಡರ್‌ಗಳದ್ದೂ ಕ್ಲಿಯರ್ ಆಗಿದೆ, ನಿಮ್ಮದೊಂದೇ ಸಿಸ್ಟಮ್ಮಲ್ಲಿ ಸಿಕ್ಕಿಕೊಂಡಿದೆ" ಅಂತ ಅಲ್ಲಿಯವರು ನನಗೆ ಹೇಳಿದ್ದರು. ಅವರಿಗೂ ಅದನ್ನೇ ಹೇಳಿದ್ದರು. ನಮ್ಮಿಬ್ಬರ ಮಧ್ಯೆ ಇದ್ದದ್ದು ಒಂಬತ್ತಿಂಚಿನ ಗೋಡೆ ಅಷ್ಟೇ.

ಬಾಕಿ ಇಟ್ಟವರ ಮೇಲೆ ಸಿಟ್ಟು ಇದ್ದೇ ಇದೆ. ಆದರೆ ಈ ಲೇಖನದ ಸಿಟ್ಟು ನಮ್ಮ ಮೇಲೆ.

ಕಾನೂನು ಇಲ್ಲ ಅಂತಲ್ಲ ರೀ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದುಕೊಂಡಿರಲಿ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಹಿಡಿತ ಬಂದಿದೆ: ತಡ ಮಾಡಿದ ಬಿಲ್ಲಿನ ಹಣ ನಿಜವಾಗಿ ಕೊಡೋವರೆಗೂ ಅದನ್ನು ಖರ್ಚು ಅಂತ ಕಳೆಯೋ ಹಾಗಿಲ್ಲ. ದೂರು ಕೊಡೋಕೆ ಫೆಸಿಲಿಟೇಶನ್ ಕೌನ್ಸಿಲ್ ಇದೆ. ಆದರೂ ಹೋಗಲ್ಲ. ಯಾಕಂದ್ರೆ ಒಬ್ಬನೇ ಹೋದವನ ಮುಂದಿನ ಆರ್ಡರ್ ಪಕ್ಕದವನಿಗೆ ಹೋಗುತ್ತೆ. ಇತ್ತ ಬಾರದ ದುಡ್ಡಿನ ಮೇಲಿನ ಜಿಎಸ್‌ಟಿಯನ್ನ ಮಾತ್ರ ಕೈಯಿಂದ ಕಟ್ಟಿಕೊಂಡು ಸುಮ್ಮನಿರ್ತೀವಿ.

ಸಂಘಗಳಿಲ್ಲವೇ ಅಂತೀರಿ. ಇವೆ. ಕಾಸಿಯಾ 1949ರಿಂದ ಇದೆ. ವಿದ್ಯುತ್ ದರ, ರಸ್ತೆ, ತೆರಿಗೆ ಅಂತ ಸರ್ಕಾರದ ಜೊತೆ ಮಾತಾಡೋಕೆ ಅವು ಬೇಕೇ ಬೇಕು. ಆದರೆ ಏಳನೇ ತಾರೀಖು ಹುಡುಗರಿಗೆ ಸಂಬಳ ಕೊಡೋಕಾಗ್ತಿಲ್ಲ ಅನ್ನೋದನ್ನ ಮನವಿಪತ್ರದಲ್ಲಿ ಬರೆಯೋಕಾಗಲ್ಲ. ಇನ್ನು ಸ್ಟಾರ್ ಹೋಟೆಲಿನ ನೆಟ್‌ವರ್ಕಿಂಗ್ ಮೀಟುಗಳು. ವಿಸಿಟಿಂಗ್ ಕಾರ್ಡು ಹಂಚು, ಭಾಷಣ ಕೇಳು, ಊಟ ಮಾಡು. ಅಲ್ಲೂ ಎಲ್ಲರೂ "ಫುಲ್ ಲೋಡು".

ನಮಗೆ ಬೇಕಿರೋದು ಐದಾರು ಜನ, ಒಂದೇ ರಸ್ತೆಯವರು, ಶನಿವಾರ ಸಂಜೆ ಒಂದು ಗಂಟೆ. ಯಾರು ದುಡ್ಡು ಕೊಟ್ಟಿಲ್ಲ? ಮೆಷೀನಿನ ಗಂಟೆ ಖರ್ಚು ಲೆಕ್ಕ ಹಾಕುವಾಗ ಸವಕಳಿ, ನಿಮ್ಮ ಸ್ವಂತ ಸಂಬಳ ಸೇರಿಸಿದ್ದೀರಾ? ಯಾರ ಮೆಷೀನು ಖಾಲಿ ಇದೆ? ಇಷ್ಟೇ ಮಾತು.

"ಅಯ್ಯೋ, ಅವರು ನನ್ನ ಕಾಂಪಿಟೀಟರ್ರು" ಅಂತೀರಾ? ನಿಮ್ಮ ಕೊಟೇಶನ್ ತೋರಿಸಿ ನನ್ನನ್ನ, ನನ್ನದು ತೋರಿಸಿ ನಿಮ್ಮನ್ನ ಬಗ್ಗಿಸೋ ಗಿರಾಕಿಗೆ ನಮ್ಮಿಬ್ಬರ ಗುಟ್ಟೂ ಗೊತ್ತು. ಗೊತ್ತಿಲ್ಲದಿರೋದು ನಮಗೆ ಮಾತ್ರ. ಹಾಗಂತ ಕೂಡಿಕೊಂಡು ದರ ನಿಗದಿ ಮಾಡೋದು ಬೇಡ, 2002ರ ಕಾಂಪಿಟಿಷನ್ ಕಾಯ್ದೆ ಅದಕ್ಕೆ ಬಿಡಲ್ಲ. ಖರ್ಚಿನ ಲೆಕ್ಕ ಹಾಕೋದು ಹೇಗೆ ಅಂತ ಕಲಿಯೋಕೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ.

ಆ ಲಾರಿ ಹೋದ ಮೇಲೆ ನಾವು ಐದು ಜನ ಸೇರೋಕೆ ಶುರು ಮಾಡಿದ್ವಿ. ನಮ್ಮಲ್ಲಿ ಮೂವರಿಗೆ ಅದೇ ಕಂಪನಿಯಿಂದ ಬಾಕಿ ಇತ್ತು. ಒಂದೇ ದಿನ ಮೂರು ಪತ್ರ ಹೋದವು, 45 ದಿನದ ಕಾಯ್ದೆ ನಮೂದಿಸಿ. ಒಂದೂವರೆ ತಿಂಗಳಲ್ಲಿ ಅಸಲು ಬಂತು. ಬಡ್ಡಿ ಬಂದಿಲ್ಲ. ಮೂವರಲ್ಲಿ ಒಬ್ಬರಿಗೆ ಆರ್ಡರ್ ನಿಂತುಹೋಯಿತು; ಉಳಿದ ನಾಲ್ವರು ನಮ್ಮ ಮಿಲ್ಲಿಂಗ್ ಕೆಲಸವನ್ನ ಅವರಿಗೇ ಕೊಡ್ತಿದ್ದೀವಿ.

ಪಕ್ಕದ ಶೆಡ್ಡಿನವರು ಈಗ ಹೊಸೂರಿನಲ್ಲಿ ಸಂಬಳಕ್ಕಿದ್ದಾರೆ. ಮೊನ್ನೆ ಫೋನ್ ಮಾಡಿದ್ದರು. ಪತ್ರದ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವೂ ಫುಲ್ ಲೋಡು ಅಂತಿದ್ರಲ್ಲ ಸಾರ್" ಅಂದರು.

ಕೆಲಸ ಬಿಟ್ಟು ಸ್ವಂತದ್ದು ಶುರು ಮಾಡಬೇಕು ಅಂತಿರೋ ಗೆಳೆಯರೇ, ಮೆಷೀನು ನೋಡೋಕೆ ಹೋಗೋ ಮುಂಚೆ ಆ ರಸ್ತೆಯ ನಾಲ್ಕು ಜನರನ್ನ ಟೀಗೆ ಕರೀರಿ. ಮೊದಲು ನಿಮ್ಮ ಕಷ್ಟ ಹೇಳಿ.