ಕೈಗೆ ಒಪ್ಪುವ ಹಿಡಿ

ಉಪಕರಣವು ಕೈಗೆ ಒಗ್ಗಬೇಕಲ್ಲದೆ, ಕೈಯೇ ಉಪಕರಣಕ್ಕೆ ಒಗ್ಗಲೆಂಬ ಹಟ ಸಲ್ಲದು. ಟಿ. ದಾಸರಹಳ್ಳಿಗೆ ಹೊಂದಿಕೊಂಡ ಪೀಣ್ಯದ ಕಾರ್ಖಾನೆಗಳಲ್ಲಿ ಲೇತ್ ಹಿಡಿದು ದುಡಿಯುವವರಿಗೆ ಇದು ಹೊಸ ಮಾತಲ್ಲ. ಏರ್ ಪಿಸ್ತೂಲಿನ ಕ್ರೀಡೆಗೂ ಇದೇ ಮಾತು ಅನ್ವಯಿಸುತ್ತದೆ.

ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ 10 ಮೀಟರ್ ಸ್ಪರ್ಧೆಯಲ್ಲಿ, 4.5 ಮಿ.ಮೀ. ಗುಂಡನ್ನು ಒಂದೇ ಕೈಯಿಂದ, ಆಸರೆಯಿಲ್ಲದೆ ಹಾರಿಸಬೇಕು. ಪಿಸ್ತೂಲಿನ ತೂಕ 1500 ಗ್ರಾಂ ಮೀರುವಂತಿಲ್ಲ. ಹಿಡಿ ಸಡಿಲವಾದರೆ ಅಂಗೈ ಪ್ರತಿಸಲವೂ ಬೇರೊಂದೆಡೆ ಕೂರುತ್ತದೆ. ಗುಂಡು ಗುರಿ ತಪ್ಪುತ್ತದೆ. ಹಿಡಿಯ ದೋಷವನ್ನು ಮಗು ತನ್ನ ದೋಷವೆಂದೇ ಬಗೆದು ಕೊರಗುತ್ತದೆ. ಇದು ಅನ್ಯಾಯ.

ಇದಕ್ಕೆ ದುಬಾರಿ ಪರಿಹಾರವೇ ಬೇಕೆಂದಿಲ್ಲ. ಬೇರೊಬ್ಬರು ಬಳಸಿ ಬಿಟ್ಟ ಮರದ ಹಿಡಿಯೂ ಸಾಕು. ಆದರೆ ಅದು ಅದೇ ಮಾದರಿಯ ಪಿಸ್ತೂಲಿನದಾಗಿರಬೇಕು. ಬಲಗೈಯ ಹಿಡಿ ಎಡಗೈಯವರಿಗೆ ಒದಗದು. ಶಿಕ್ಷಕರ ಎದುರಿನಲ್ಲಿ, ಪಿಸ್ತೂಲಿನಲ್ಲಿ ಗುಂಡಿಲ್ಲವೆಂದು ಖಚಿತಪಡಿಸಿಕೊಂಡು ಹಿಡಿಯನ್ನು ಬಿಚ್ಚಬೇಕು. ಒತ್ತುವ ಕಡೆ ಅರದಿಂದ ತುಸುತುಸುವೇ ಉಜ್ಜಿ, ಟೊಳ್ಳಾದ ಕಡೆ ಮರದ ಪುಟ್ಟಿ ತುಂಬಿ, ಮತ್ತೆ ಮತ್ತೆ ಕೈಯಲ್ಲಿ ಹಿಡಿದು ನೋಡಬೇಕು. ಅವಸರದಿಂದ ಉಜ್ಜಿ ಕಳೆದ ಮರ ಮರಳಿ ಬಾರದು. ಮಣಿಕಟ್ಟಿಗೆ ಆಸರೆಯಾಗುವಂತೆ ಹಿಡಿಯನ್ನು ಬೆಳೆಸುವುದನ್ನು ನಿಯಮ ಒಪ್ಪದು.

ಹೊಸ ಪಿಸ್ತೂಲು ಕೊಡಿಸುವ ದಾನಿಗಳು ಅಭಿನಂದನೀಯರು. ಅದರೊಡನೆ ಒಂದು ಬಡಗಿ ಮೇಜು, ನಾಲ್ಕು ಅರಗಳು, ಕಲಿಸಬಲ್ಲ ಒಬ್ಬ ಬಡಗಿ, ಇಷ್ಟನ್ನೂ ಶಾಲೆಗೆ ಒದಗಿಸುವುದು ಉಚಿತವೆಂದು ನನ್ನ ನಮ್ರ ಅಭಿಪ್ರಾಯ. ತನ್ನ ಹಿಡಿಯನ್ನು ತಾನೇ ತಿದ್ದಿಕೊಂಡ ವಿದ್ಯಾರ್ಥಿಯು ಗುರಿ ತಪ್ಪಿದಾಗ ಕುಗ್ಗುವುದಿಲ್ಲ, ಕಾರಣವನ್ನು ಹುಡುಕುತ್ತಾನೆ.